ಇಡಿಯಾಗಿ ಅಮ್ಮ

ಮಾಲೂರಿನಲ್ಲಿ ಆರೋಗ್ಯಕ್ಕೆಂದೇ ಒಂದು ಪುಟ್ಟ ಮಾಸಪತ್ರಿಕೆ ನಡೆಸುವ ಗೆಳೆಯನೊಬ್ಬ ನನಗಿದ್ದಾನೆ. ಯಾವ ಇಂಗ್ಲಿಷ್ ಲೇಖನ ಇಷ್ಟವಾದರೂ ಅದನ್ನು ತಂದು ನನ್ನ ತಲೆಗೆ ಕಟ್ಟುತ್ತಾನೆ. ಕೋಲಾರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನಿಗೆ ಬಿಡುವಿಗೇನು ಕೊರತೆ ಎಂಬುದು ಅವನ ಗಟ್ಟಿ ನಂಬಿಕೆ. ಹೋದ ವರ್ಷ ಅವನು ಕಳಿಸಿದ್ದು ಹೋಲಿಸಂ ಎಂಬ ವಿಚಾರದ ಮೇಲಿನ ಬರಹ. ಪದದ ಮೂಲ ಗ್ರೀಕ್, ಅರ್ಥ ಇಡೀ ಎಂದು. ಮನುಷ್ಯನನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ ಆಮೇಲೆ ಎಲ್ಲವನ್ನೂ ಕೂಡಿಸಿದರೆ ಅದೇ ಮನುಷ್ಯ ಸಿಗುವುದಿಲ್ಲ, ಇಡಿಯಾಗಿದ್ದಾಗ ಇರುವ ಏನೋ ಒಂದು ಬಿಡಿಭಾಗಗಳಲ್ಲಿ ಇರುವುದಿಲ್ಲ ಎನ್ನುವುದು ಅದರ ಸಾರ.

ನಾನು ಮೊದಲ ದಿನವೇ ತಲೆಬರಹದಲ್ಲಿ ಸಿಕ್ಕಿಬಿದ್ದೆ. ಸಮಗ್ರತಾವಾದ ಎಂದು ಬರೆದರೆ ಸರ್ಕಾರಿ ಯೋಜನೆಯ ವಾಸನೆ ಬರುತ್ತಿತ್ತು. ಅಖಂಡತೆ ಎಂದರೆ ಚುನಾವಣೆಯ ಭಾಷಣ, ಪೂರ್ಣತೆ ಎಂದರೆ ಮಠದ ಪ್ರವಚನ. ಇಡಿತನ ಎಂದು ನಾನೇ ಒಂದು ಪದ ಹುಟ್ಟಿಸಿ ಗೆಳೆಯನಿಗೆ ಫೋನು ಮಾಡಿದೆ. ಅವನು, ಆರೋಗ್ಯ ಹೇಗಿದೆ ಎಂದು ನನ್ನನ್ನೇ ವಿಚಾರಿಸಿದ.

ನಿಜ ಹೇಳಬೇಕೆಂದರೆ ಆಗ ನನ್ನ ತಲೆ ಲೇಖನದಲ್ಲಿ ಇರಲೇ ಇಲ್ಲ. ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಕೆಲವು ವಾರಗಳಾಗಿದ್ದವು. ಕ್ಯಾಲನೂರಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹಾಲು ಕರೆಯಲು ಕೂತಿದ್ದವಳು ಹಾಗೆಯೇ ಪಕ್ಕಕ್ಕೆ ವಾಲಿದ್ದಳು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಅವುಗಳ ಜೊತೆಗೆ ಮಾತೂ ಹೋಗಿತ್ತು. ನಾವು ಹೇಳಿದ್ದು ಅರ್ಥವಾಗುತ್ತಿತ್ತು, ಕಣ್ಣಿನಲ್ಲಿ ಗೊತ್ತಾಗುತ್ತಿತ್ತು, ಆದರೆ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ.

ತಲೆಗೊಬ್ಬ ಡಾಕ್ಟರು, ಸಕ್ಕರೆಗೊಬ್ಬ ಡಾಕ್ಟರು, ಕೈಕಾಲಿನ ವ್ಯಾಯಾಮಕ್ಕೆ ಇನ್ನೊಬ್ಬರು. ಎಲ್ಲರೂ ಒಳ್ಳೆಯವರೇ. ಒಬ್ಬೊಬ್ಬರೂ ತಮ್ಮ ಪಾಲಿಗೆ ಬಂದಷ್ಟು ಅಮ್ಮನನ್ನು ನೋಡಿ, ಪರವಾಗಿಲ್ಲ, ಸುಧಾರಿಸಿದೆ ಎನ್ನುತ್ತಿದ್ದರು. ಅಮ್ಮ ಮಾತ್ರ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಊಟ ಎರಡು ತುತ್ತಿಗೆ ಬಂದಿತ್ತು. ಕೈ ಬರದಿದ್ದರೆ ಹೋಗಲಿ, ಮಾತೊಂದು ಬರಲಿ ಎಂಬುದೇ ನನ್ನ ಆಸೆಯಾಗಿತ್ತು. ಅಮ್ಮ ಡೇರಿಯಲ್ಲಿ ಹಾಲಿನ ಅಳತೆಗೆ ಜಗಳ ತೆಗೆದರೆ ನಮ್ಮ ಮನೆಯ ಜಗಲಿಗೆ ಕೇಳಿಸುತ್ತಿತ್ತು. ಆ ಬಾಯಿ ಸುಮ್ಮನಾದ ಮನೆಯಲ್ಲಿ ಇರುವುದಕ್ಕೆ ನನಗೆ ಭಯವಾಗುತ್ತಿತ್ತು.

ಮಾತು ಕಲಿಸುವುದಕ್ಕೆಂದು ಕೋಲಾರದಲ್ಲಿ ಒಬ್ಬ ಮೇಡಂ ಸಿಕ್ಕರು. ಕರಾವಳಿ ಕಡೆಯವರು, ಚಿಕ್ಕ ವಯಸ್ಸು, ತಾಳ್ಮೆ ಬಹಳ. ಮೊದಲ ದಿನ ಅವರು ಕೇಳಿದ್ದು ಅಮ್ಮನ ಭಾಷೆ ಯಾವುದು ಎಂದು. ಕನ್ನಡ ಎಂದೆ. ಅದಕ್ಕೆ ಯೋಚನೆ ಮಾಡಬೇಕು ಎಂದೂ ನನಗೆ ಅನಿಸಲಿಲ್ಲ. ಹಾಗಾದರೆ ಮನೆಯಲ್ಲಿ ಎಲ್ಲರೂ ಅವರ ಭಾಷೆಯಲ್ಲೇ ನಿಧಾನವಾಗಿ, ಬಿಡಿಸಿ ಮಾತಾಡಿ ಎಂದು ಹೇಳಿ, ಚಿತ್ರಗಳಿರುವ ಒಂದಷ್ಟು ಕಾರ್ಡುಗಳನ್ನು ಕೊಟ್ಟು ಕಳಿಸಿದರು.

ಕನ್ನಡದ ಮೇಷ್ಟ್ರ ಕೈಗೆ ಇಂಥ ಅಧಿಕಾರ ಸಿಕ್ಕರೆ ಏನಾಗುತ್ತದೋ ಅದೇ ಆಯಿತು. ಮನೆಯನ್ನು ತರಗತಿ ಮಾಡಿಬಿಟ್ಟೆ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಒಂದು ಪಾಠ, ಸಂಜೆ ಬಂದ ಮೇಲೆ ಇನ್ನೊಂದು. ಚಮಚದ ಚಿತ್ರ ಹಿಡಿದು, "ಇದೇನಮ್ಮಾ?" ಬಾಚಣಿಗೆ ಹಿಡಿದು, "ಇದೇನಮ್ಮಾ?" ಅಮ್ಮ ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮುಳಬಾಗಿಲಿನಲ್ಲಿದ್ದ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ನೋಡಲು ಬರುತ್ತೇನೆಂದಾಗ, ಬರೀ ಕನ್ನಡದಲ್ಲೇ ಮಾತಾಡಬೇಕು ಎಂದು ಫೋನಿನಲ್ಲೇ ತಾಕೀತು ಮಾಡಿದೆ. ಆ ಅಕ್ಕತಂಗಿಯರು ಹುಟ್ಟಿದಾಗಿನಿಂದ ಒಬ್ಬರ ಜೊತೆ ಒಬ್ಬರು ತೆಲುಗು ಬಿಟ್ಟು ಬೇರೆ ಮಾತಾಡಿದವರಲ್ಲ. ಪಾಪ, ದೊಡ್ಡಮ್ಮ ಬಂದು ಮಂಚದ ಪಕ್ಕದಲ್ಲಿ ನೆಟ್ಟಗೆ ಕೂತು, ವಾರ್ತೆ ಓದುವವರ ಹಾಗೆ, "ಹೇಗಿದೆ ಆರೋಗ್ಯ?" ಎಂದು ಕೇಳಿದಳು. ಅಮ್ಮ ಯಾರೋ ಗೊತ್ತಿಲ್ಲದವರನ್ನು ನೋಡಿದಂತೆ ನೋಡಿದಳು.

ಇದರ ನಡುವೆ ನನ್ನ ಮಗಳ ಕಾಟ ಬೇರೆ. ಡಿಗ್ರಿ ಓದುವ ಹುಡುಗಿ, ಟರ್ಕಿಯ ಸೀರಿಯಲ್‌ಗಳನ್ನು ಹಿಂದಿಯಲ್ಲಿ ನೋಡಿ ನೋಡಿ ಹುಚ್ಚು ಹತ್ತಿಸಿಕೊಂಡು, ಫೋನಿನಲ್ಲಿ ಆ ಭಾಷೆಯನ್ನೇ ಕಲಿಯಲು ಕೂತಿದ್ದಳು. ಅಜ್ಜಿಯ ಕಾಲಬುಡದಲ್ಲಿ ಕೂತು ತುಟಿ ಮುಂದೆ ಮಾಡಿಕೊಂಡು ಒಂದೊಂದೇ ಪದ ಒಪ್ಪಿಸುತ್ತಿದ್ದಳು. ಅಜ್ಜಿಗೆ ಗೊಂದಲವಾಗುತ್ತದೆ, ಎದ್ದು ಹೊರಗೆ ಹೋಗು ಎಂದು ಗದರಿದೆ. ಅವಳು ಹೊರಗೆ ಹೋಗಿ ಜಗಲಿಯಲ್ಲಿ ಕೂತಳು. ಹಿಂದೆಯೇ ನಾನೂ ಹೋದೆ. ಗದರಿದ್ದಕ್ಕೆ ಬೇಜಾರಾಗಿತ್ತು. ಅದಲ್ಲದೆ ಕೈಯಲ್ಲಿ ಆ ಹಾಳು ತಲೆಬರಹವಿತ್ತು. ಇಡೀ ಅನ್ನುವುದಕ್ಕೆ ನಿನ್ನ ಟರ್ಕಿಯವರು ಏನನ್ನುತ್ತಾರೆ ಎಂದು ಸುಮ್ಮನೆ ಕೇಳಿದೆ.

ಒಂದಲ್ಲ, ಹಲವು ಪದ ಇವೆ ಎಂದಳು. ಬ್ಯುತ್ಯುನ್ ಎಂದರೆ ಇಡೀ. ಇಡೀ ದಿನ, ಇಡೀ ಊರು ಎನ್ನಲು ಅದೇ. ಮುರಿಸದ ದೊಡ್ಡ ನೋಟಿಗೂ ಅದೇ ಮಾತು, ಚಿಲ್ಲರೆಯನ್ನು ಅವರು ಮುರಿದ ದುಡ್ಡು ಎನ್ನುತ್ತಾರಂತೆ. ನಾವೂ ನೋಟು ಮುರಿಸಿಕೊಂಡು ಬಾ ಎನ್ನುತ್ತೇವಲ್ಲ ಎಂದು ನನಗೆ ಖುಷಿಯಾಯಿತು. ತಾಮ್ ಎಂದರೆ ಏನೂ ಕಡಿಮೆಯಿಲ್ಲದ್ದು, ಸರಿಯಾಗಿ ಅಷ್ಟೇ ಇರುವುದು. ಸಾಲಮ್ ಎಂದರೆ ಗಟ್ಟಿಮುಟ್ಟಾದದ್ದು, ಕುರ್ಚಿಗೂ ಅನ್ನಬಹುದು, ಮನುಷ್ಯನಿಗೂ ಅನ್ನಬಹುದು. ಅದರ ಬೇರು ಸಾ, ಅಂದರೆ ಜೀವಂತ, ಕ್ಷೇಮ. ಬಲಭಾಗಕ್ಕೂ ಅದೇ ಪದ ಎಂದು ಹೇಳಿ ಮಗಳು ತಟ್ಟನೆ ನಿಲ್ಲಿಸಿದಳು. ನನಗೆ ಸಿಟ್ಟು ಬಂತು. ಹಾಗಾದರೆ ಬಲಗೈ ಬಿದ್ದವರು ಜೀವಂತ ಅಲ್ಲವೇ, ಎಂಥ ಭಾಷೆ ಅದು ಎಂದೆ. ಟರ್ಕಿಯ ಮೇಲೆ ರೇಗಿ ನನಗೇನು ಆಗಬೇಕಿತ್ತೋ ದೇವರಿಗೇ ಗೊತ್ತು.

ಮಗಳು, ಇನ್ನೊಂದಿದೆ ಅಪ್ಪ, ಇದು ನಿನಗೆ ಹಿಡಿಸುತ್ತದೆ ಎಂದಳು. ಇಡೀ ಎಂಬ ಆ ಪದದಿಂದಲೇ ಬ್ಯುತ್ಯುನ್‌ಲೆಮೆ ಎಂಬ ಮಾತು ಹುಟ್ಟುತ್ತದೆ. ಇಡಿಯಾಗಿಸುವುದು ಎಂದು ಅರ್ಥ. ಅಲ್ಲಿಯ ಕಾಲೇಜುಗಳಲ್ಲಿ ಫೇಲಾದವರಿಗೆ ಇಡುವ ಎರಡನೆಯ ಪರೀಕ್ಷೆಯ ಹೆಸರು ಅದು. ವರ್ಷ ವರ್ಷವೂ ಸಪ್ಲಿಮೆಂಟರಿ ಪತ್ರಿಕೆ ತಿದ್ದಿ ಬೇಸತ್ತ ನನಗೆ ನಿಜವಾಗಿಯೂ ಹಿಡಿಸಿತು. ಒಮ್ಮೆ ಮುಕ್ಕಾದದ್ದು ಮುಗಿಯಿತು ಎಂದು ಅಲ್ಲಿ ಯಾರೂ ತೀರ್ಮಾನಿಸಿಲ್ಲ, ಉಳಿದದ್ದನ್ನು ತುಂಬಿಕೊಂಡು ಮತ್ತೆ ಇಡಿಯಾಗಬಹುದು. ಅಂದು ಸಂಜೆ ಲೇಖನದ ಮೊದಲ ಪುಟ ಸರಾಗವಾಗಿ ಬಂತು.

ದೊಡ್ಡಮ್ಮ ಇನ್ನೂ ನಮ್ಮಲ್ಲೇ ಇದ್ದಳು. ಮಾರನೆಯ ದಿನ ಅಮ್ಮನನ್ನು ಬಿಸಿಲಿಗೆಂದು ಜಗಲಿಗೆ ತಂದು ಕೂರಿಸಿದ್ದೆವು. ನನ್ನ ಪಾಠ ನಡೆದಿತ್ತು. ದೊಡ್ಡಮ್ಮನಿಗೆ ಆ ಶಿಕ್ಷೆ ಸಾಕಾಗಿ ಕೊಟ್ಟಿಗೆಯ ಕಡೆ ಎದ್ದುಹೋದಳು. ಅಲ್ಲಿ ಹಸು ಹಗ್ಗ ಬಿಚ್ಚಿಕೊಂಡು ಬೂಸಾ ಬಕೆಟ್ಟಿಗೆ ಬಾಯಿ ಹಾಕಿತ್ತು. ಕಟ್ಟಿಕೊಂಡಿದ್ದ ತೆಲುಗೆಲ್ಲ ದೊಡ್ಡಮ್ಮನ ಬಾಯಿಂದ ಒಮ್ಮೆಗೇ ಹೊರಬಂತು. ಹಸುವಿನ ವಂಶವನ್ನೆಲ್ಲ ಬೈಯುತ್ತಾ ಕೋಲು ಎತ್ತಿಕೊಂಡಳು. ನನ್ನ ಪಕ್ಕದಲ್ಲಿ ಏನೋ ಅಲುಗಿದಂತಾಯಿತು. ಅಮ್ಮ ಎಡಗೈ ಊರಿ ಮುಂದಕ್ಕೆ ಬಾಗಿದ್ದಳು.

"ಕೊಟ್ಟೊದ್ದು," ಎಂದಳು. ಹೊಡೆಯಬೇಡ ಎಂದು. ಸ್ವಲ್ಪ ಎಳೆದಂತಿತ್ತು, ಆದರೆ ಸ್ಪಷ್ಟವಾಗಿತ್ತು. ಆಮೇಲೆ ಇನ್ನೂ ಒಂದು ಮಾತು ಸೇರಿಸಿದಳು. "ಕೊಟ್ಟೊದ್ದಕ್ಕಾ."

ದೊಡ್ಡಮ್ಮ ಕೋಲು ಅಲ್ಲೇ ಬಿಟ್ಟು ಓಡಿಬಂದಳು. ಅಕ್ಕ ಅಂತೇ, ನನ್ನನ್ನು ಅಕ್ಕ ಅಂದಳು ಎಂದು ತಂಗಿಯ ತಲೆಯನ್ನು ಎದೆಗೆ ಅವುಚಿಕೊಂಡು ಅತ್ತಳು. ನಾನೂ ಅತ್ತೆ. ಆ ಸಂಭ್ರಮದಲ್ಲಿ ಹಸು ಬಕೆಟ್ಟನ್ನು ಪೂರ್ತಿ ಖಾಲಿ ಮಾಡಿತು.

ಮೇಡಂಗೆ ಹೋಗಿ ಹೇಳಿದೆ. ಅವರು ಬೆರಗಾಗಿ, ಮೊದಲ ದಿನವೇ ಭಾಷೆ ಯಾವುದೆಂದು ಕೇಳಿದ್ದೆನಲ್ಲ ಎಂದರು.

"ಕನ್ನಡಾನೇ ಮೇಡಂ. ತೆಲುಗು ಸುಮ್ನೆ ಮನೇಲಿ ಮಾತಾಡೋದು," ಎಂದೆ.

"ಮನೆಯಲ್ಲಿ ಮಾತಾಡುವುದನ್ನೇ ನಾನು ಕೇಳಿದ್ದು ಸಾರ್," ಎಂದರು ಮೇಡಂ.

ನಮ್ಮ ಕಡೆ ತೆಲುಗನ್ನು ಒಂದು ಭಾಷೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಮನೆಯೊಳಗೆ ಓಡಾಡಿಕೊಂಡಿರುತ್ತದೆ, ಅಷ್ಟೇ. ಯಾರಾದರೂ ಪೆನ್ನು ಹಿಡಿದು ಕೇಳಿದರೆ ಕನ್ನಡ ಎನ್ನುತ್ತೇವೆ, ಅದು ಸುಳ್ಳೂ ಅಲ್ಲ. ಅಮ್ಮ ನಮ್ಮ ಜೊತೆ ಕನ್ನಡ ಮಾತಾಡುತ್ತಿದ್ದಳು, ಅಕ್ಕನ ಜೊತೆ ಮತ್ತು ಹಸುಗಳ ಜೊತೆ ತೆಲುಗು, ಬೂಸಾ ಅಂಗಡಿಯ ಸಾಬರ ಜೊತೆ ಉರ್ದು. ಒಂದೇ ಉಸಿರಿನಲ್ಲಿ ಮೂರನ್ನೂ ಬೆರೆಸುತ್ತಿದ್ದಳು. ಇವು ಬೇರೆ ಬೇರೆ ಎಂದು ಅವಳಿಗೆ ಅನಿಸಿದ್ದೇ ಇಲ್ಲ. ಮೇಡಂ ತಮ್ಮ ಮನೆಯಲ್ಲೂ ತುಳು, ಕೊಂಕಣಿ ಎರಡೂ ಇವೆ ಎಂದು ನಗುತ್ತಾ, ಇನ್ನು ಮುಂದೆ ಮನೆಯಲ್ಲಿ ಹೇಗೆ ಮಾತಾಡುತ್ತಿದ್ದಿರೋ ಹಾಗೆಯೇ ಮಾತಾಡಿ, ಅವರಿಗೆ ಯಾವುದು ಮೊದಲು ಬರುತ್ತದೋ ಬರಲಿ ಎಂದರು.

ಮನೆಗೆ ಮತ್ತೆ ಗದ್ದಲ ಬಂತು. ದೊಡ್ಡಮ್ಮ ಮುಳಬಾಗಿಲಿಗೆ ಹೋಗುವ ಮಾತೇ ಎತ್ತಲಿಲ್ಲ. ಬೂಸಾ ಅಂಗಡಿಯವರು ಬಾಗಿಲಲ್ಲೇ ನಿಂತು ಅಮ್ಮನನ್ನು ಉರ್ದುವಿನಲ್ಲಿ ಮಾತಾಡಿಸಿ ಹೋದರು. ಮಗಳು ತನ್ನ ಟರ್ಕಿ ಪಾಠಕ್ಕೆ ಮೊದಲಿನ ಜಾಗದಲ್ಲೇ ಕೂತಳು. ಅವಳ ತುಟಿ ನೋಡಿ ಅಮ್ಮ ನಗುವುದನ್ನು ನಾನೇ ಕಂಡೆ. ಹಾಗೆಂದು ಎಲ್ಲವೂ ಸಲೀಸಾಗಿ ಆಗಿಬಿಡಲಿಲ್ಲ. ಕೆಲವು ದಿನ ಎರಡು ಮಾತು ಬರುತ್ತಿತ್ತು, ಕೆಲವು ದಿನ ಒಂದೂ ಇಲ್ಲ. ಅನ್ನ ಕೇಳಲು ಹೋಗಿ ಸೋಪು ಎಂದುಬಿಟ್ಟು, ತಾನೇ ತಪ್ಪು ಗೊತ್ತಾಗಿ ಎಡಗೈಯಿಂದ ಹಣೆ ಚಚ್ಚಿಕೊಳ್ಳುತ್ತಿದ್ದಳು. ಬಲಗೈ ಇವತ್ತಿಗೂ ಬಂದಿಲ್ಲ. ಆದರೆ ಗೋಡೆಯ ಕಡೆ ತಿರುಗಿ ಮಲಗುವುದು ನಿಂತಿತು, ಊಟ ಸೇರತೊಡಗಿತು.

ಲೇಖನವನ್ನು ಮುಗಿಸಿ ಕಳಿಸಿದೆ. ತಲೆಬರಹಕ್ಕೆ ಇಡಿಯಾಗಿ ಎಂದಷ್ಟೇ ಬರೆದೆ. ಅದು ಹೆಸರೇ ಅಲ್ಲವಲ್ಲೋ ಎಂದು ಗೆಳೆಯ ತಕರಾರು ತೆಗೆದ. ಇರಲಿ ಬಿಡು, ಅದೊಂದು ಇರುವ ರೀತಿ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ, ಆದರೂ ಹಾಗೆಯೇ ಅಚ್ಚುಹಾಕಿದ.

ಶ್ರೀನಿವಾಸಪುರದ ಮಾವು ಪೇಟೆಗೆ ಬಂದಿದ್ದ ದಿನಗಳು. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ ಎಳೆದು, ಬಸ್ಸು ಸಿಗದೆ ಒಂದು ಸಂಜೆ ತಡವಾಗಿ ಮನೆಗೆ ಬಂದೆ. ಮಧ್ಯಾಹ್ನದ ಊಟವನ್ನೂ ಮಾಡಿರಲಿಲ್ಲ. ಅಮ್ಮ ಜಗಲಿಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಬ್ಯಾಗು ಇಳಿಸಿ, ಮೇಷ್ಟ್ರ ಚಟ ಬಿಡಬೇಕಲ್ಲ, ಕಾರ್ಡುಗಳನ್ನು ತೆಗೆದು ಮೇಲಿದ್ದ ತಟ್ಟೆಯ ಚಿತ್ರವನ್ನು ಹಿಡಿದೆ. ಇದೇನಮ್ಮಾ ಎಂದು ಕೇಳಿದೆ. ಅಮ್ಮ ಚಿತ್ರವನ್ನು ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಎಡಗೈ ಚಾಚಿ ಕಾರ್ಡನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು. ತುಟಿಗಳು ಒಂದಷ್ಟು ಹೊತ್ತು ಹುಡುಕಾಡಿದವು. ನಾನು ಸಹಾಯಕ್ಕೆ ಹೋಗಲಿಲ್ಲ.

"ಅದಿ ನಾಕು ತೆಲುಸು ಕಣೋ," ಎಂದಳು, ಅದು ನನಗೆ ಗೊತ್ತು ಎಂದು. ಉಸಿರು ತೆಗೆದುಕೊಂಡಳು. "ನೀನು ಊಟ ಮಾಡ್ದ್ಯಾ?"

ಇಲ್ಲಮ್ಮ ಎಂದೆ. ಅಮ್ಮ ನಡುಮನೆಯ ಕಡೆ ಕತ್ತು ತಿರುಗಿಸಿ, ನನಗೆ ಬಡಿಸಲು ಹೇಳಿ ಒಳಗಿದ್ದವರನ್ನು ಕೂಗಿದಳು.