ಪಾರ್ಸಲ್ ಬಾಬು ಆರಿಸಿದ ಬೈಬಲ್

ವಾಡಿ ಜಂಕ್ಷನ್ನಿನ ಪಾರ್ಸಲ್ ಆಫೀಸಿನ ಗುಮಾಸ್ತ ಗೊಲ್ಲಾಳಪ್ಪನಿಗೆ ಎರಡು ಹೆಸರು. ಮುಧೋಳದಲ್ಲಿ ಅವನ ಅಪ್ಪ ದೀಕ್ಷಾಸ್ನಾನ ಪಡೆದಾಗ ಪಾದ್ರಿಗಳು ಮಗನಿಗೆ ಸಮುವೇಲನೆಂದು ಹೆಸರಿಟ್ಟಿದ್ದರು. ಆ ಹೆಸರು ಚರ್ಚಿನ ರಿಜಿಸ್ಟರು ಬಿಟ್ಟು ಹೊರಗೆ ಬರಲೇ ಇಲ್ಲ. ಮನೆಯವರಿಗೆ ಅವನು ಗೊಲ್ಲಾಳಪ್ಪ, ಸ್ಟೇಷನ್ನಿಗೆ ಪಾರ್ಸಲ್ ಬಾಬು. ಮಿಷನ್ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅವನಿಗೆ ನೌಕರಿ ಕೊಡಿಸಿತ್ತು. ಭಾನುವಾರದ ಒಂದು ಬಿಟ್ಟಿ ಚಾಕರಿಯನ್ನೂ ತಗುಲಿಹಾಕಿತ್ತು.

ರೈಲ್ವೆ ಕ್ವಾರ್ಟರ್ಸಿನ ಹಿಂದಿದ್ದ ಸಣ್ಣ ಚರ್ಚಿಗೆ ಬರುವವರಲ್ಲಿ ಅರ್ಧದಷ್ಟು ಪರವೂರಿನ ನೌಕರರು. ಅವರಿಗೆ ಇಂಗ್ಲಿಷ್ ಬೇಕು. ಉಳಿದವರು ಸುತ್ತಲ ಹಳ್ಳಿಯ ಮಂದಿ. ಕನ್ನಡ ಬೈಬಲ್ಲೂ ಇತ್ತು, ಆದರೆ ಅದರ ಪುಸ್ತಕದ ಭಾಷೆ ಚಾಪೆಯ ಮೇಲೆ ಕೂತ ಹೆಂಗಸರ ತಲೆಗೆ ಹತ್ತುತ್ತಿರಲಿಲ್ಲ. ಹಾಗಾಗಿ ಗೊಲ್ಲಾಳಪ್ಪ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಓದುವುದು, ತಲೆಯೆತ್ತಿ ಅದನ್ನೇ ಊರ ಮಾತಿನಲ್ಲಿ ಹೇಳುವುದು ರೂಢಿಯಾಯಿತು. ಸುಮ್ಮನೆ ಹೇಳುತ್ತಿದ್ದನೇ? ಉಪ್ಪು ಖಾರ ಹಚ್ಚಿಯೇ ಹೇಳುತ್ತಿದ್ದ. ಪುಸ್ತಕದಲ್ಲಿ ಒಬ್ಬ ತಾಯಿ ಅತ್ತಳೆಂದಿದ್ದರೆ, ಇವನ ಬಾಯಲ್ಲಿ ಆಕೆ ಎದೆ ಬಡಿದುಕೊಂಡು ಅಂಗಳದ ಮಣ್ಣಿನಲ್ಲಿ ಹೊರಳಾಡುತ್ತಿದ್ದಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳದೆ ಮನೆಗೆ ಹೋದ ಭಾನುವಾರವೇ ಇರಲಿಲ್ಲ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಅವನ ಹತ್ತೊಂಬತ್ತರ ಮಗ ದಾನಪ್ಪ ಮೈಕಣ್ಣು ಹಳದಿಯಾಗಿ ಕಾಮಣಿ ರೋಗಕ್ಕೆ ತುತ್ತಾದ. ಹನ್ನೊಂದು ದಿನ ಗೊಲ್ಲಾಳಪ್ಪ ಆಸ್ಪತ್ರೆಯ ಕಟ್ಟೆಯ ಮೇಲೆ ಉಪವಾಸ ಬಿದ್ದಿದ್ದ. ಚಹಾ ಬಿಟ್ಟು ಏನೂ ಮುಟ್ಟಲಿಲ್ಲ. ಹುಡುಗ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮೇಲೆ, ಮಗಳನ್ನು ಕೊಟ್ಟ ಮನೆಯ ಬೀಗರು ಬುಟ್ಟಿಯಲ್ಲಿ ರೊಟ್ಟಿ, ಬ್ಯಾಳಿ ತಂದರು. ಸಾವಿನ ಮನೆಯವರು ಒಲ್ಲೆವೆನ್ನಬೇಕು, ಬೀಗರು ಕೈಹಿಡಿದು ಒತ್ತಾಯ ಮಾಡಿ ಮೊದಲು ಯಜಮಾನನ ಬಾಯಿಗೆ, ಆಮೇಲೆ ಮನೆಯವರೆಲ್ಲರ ಬಾಯಿಗೆ ತುತ್ತಿಡಬೇಕು. ದೇವರು ಬದಲಾದರೂ ಈ ಪದ್ಧತಿ ಬದಲಾಗಿರಲಿಲ್ಲ. ಗೊಲ್ಲಾಳಪ್ಪ ಕೈಕಾಲು ತೊಳೆದು, ಅಂಗಿ ಬದಲಿಸಿ, ಯಾರೂ ಕರೆಯುವ ಮೊದಲೇ ಬುಟ್ಟಿಗೆ ಕೈಹಾಕಿ ನಾಲ್ಕು ರೊಟ್ಟಿ ತಿಂದ. ಹಸಿವಾಗಿತ್ತು, ತಿಂದ. ಎದೆಯೊಳಗೆ ಹುಡುಕಿಕೊಂಡರೆ ಏನೂ ಸಿಗಲಿಲ್ಲ. ಬೀಗರು ಮುಖ ಗಂಟಿಕ್ಕಿಕೊಂಡು ಎದ್ದು ಹೋದರು.

ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಮಂದಿ ಆಡಿಕೊಂಡದ್ದು ಅವನಿಗೆ ತಟ್ಟಲಿಲ್ಲ. ತಟ್ಟಿದ್ದು ಹೆಂಡತಿ ಸುಂದರಬಾಯಿಯ ಮಾತು.

"ಊರ ಮಂದಿನ್ನೆಲ್ಲಾ ಅಳಸ್ತೀರಿ. ಹೊಟ್ಯಾನ ಮಗನಿಗಿ ನಿಮ್ಮ ಕಣ್ಣಾಗ ಒಂದು ಹನಿ ಬರಲಿಲ್ಲ."

ಅಷ್ಟಂದು ಆಕೆ ಮಾತು ಬಿಟ್ಟಳು. ಹೊತ್ತಿಗೆ ಸರಿಯಾಗಿ ತಾಟು ತಂದಿಡುವಳು, ತಂಬಿಗೆಯಲ್ಲಿ ನೀರಿಡುವಳು, ಒಳಗೆ ಹೋಗುವಳು. ಹೀಗೇ ನಾಲ್ಕು ತಿಂಗಳಾಯಿತು. ಆಕೆ ಒಮ್ಮೆ ಬೈದರೂ ಸಾಕೆಂದು ಗೊಲ್ಲಾಳಪ್ಪ ಕಾದ. ಮಗನನ್ನು ಕಳಕೊಂಡ ಮನೆಯಲ್ಲಿ ಹೆಂಡತಿಯನ್ನೂ ಕಳಕೊಳ್ಳುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು; ಅದಕ್ಕೂ ಅಳು ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಶಹಾಬಾದಿನಿಂದ ಪಾದ್ರಿಗಳು ಎರಡು ಹೊಸ ಇಂಗ್ಲಿಷ್ ಬೈಬಲ್ ಹಿಡಿದು ಬಂದರು. ಚರ್ಚಿನ ಹಳೆಯ ಪ್ರತಿ ಹಾಳೆಹಾಳೆಯಾಗಿತ್ತು, ಅದರ ಅಜ್ಜನ ಕಾಲದ ಇಂಗ್ಲಿಷ್ ಈಗಿನ ಹುಡುಗರಿಗೆ ತಿಳಿಯುತ್ತಲೂ ಇರಲಿಲ್ಲ.

"ಎರಡೂ ಈಗಿನ ಇಂಗ್ಲಿಷೇ. ಒಂದು ಭಾಳ ಸಲೀಸು, ಅರ್ಥ ಬಿಡಿಸಿ ಹೇಳ್ತದ. ಇನ್ನೊಂದು ಮೂಲದಾಗ ಏನದ ಅಷ್ಟೇ, ಶಬ್ದಕ್ಕ ಶಬ್ದ. ಓದಾವ್ರು ನೀವು. ಎಂಟು ದಿನ ಇಟ್ಕೊಂಡು ನೋಡ್ರಿ, ನೀವು ಅಂದಿದ್ದೇ ತರಿಸೋಣ."

ಗಾಡಿ ಇಲ್ಲದ ಹೊತ್ತಿನಲ್ಲಿ ಗೊಲ್ಲಾಳಪ್ಪ ಎರಡನ್ನೂ ಪಾರ್ಸಲ್ ತಕ್ಕಡಿಯ ಮೇಲೆ ಅಕ್ಕಪಕ್ಕ ಬಿಚ್ಚಿಟ್ಟು ಓದತೊಡಗಿದ. ಹಮಾಲ ಬಂದೇಅಲಿಗೆ ಇದು ಸೋಜಿಗ.

"ಒಂದೇ ಕಿತಾಬ ಎರಡು ಕಡಿ ಯಾಕ ಓದಾಕತ್ತೀರಿ ಬಾಬು?"

"ಯಾವುದು ಕಡಿಮಿ ಮಾತಾಡ್ತದಂತ ನೋಡಾಕತ್ತೀನಿ."

ಮೂರನೆಯ ದಿನ ದಾವೀದ ರಾಜನ ಕಥೆ ಸಿಕ್ಕಿತು. ಕೂಸು ಬೇನೆಯಲ್ಲಿದ್ದಾಗ ಉಪವಾಸವಿದ್ದು ನೆಲದ ಮೇಲೆ ಬಿದ್ದ ರಾಜ, ಕೂಸು ಸತ್ತಿತೆಂದು ತಿಳಿದ ಕೂಡಲೇ ಎದ್ದುಬಿಟ್ಟ. ಸಲೀಸಾದ ಪುಸ್ತಕ ನಡುನಡುವೆ ನಿಂತು ಓದುಗನಿಗೆ ಸಮಜಾಯಿಷಿ ಕೊಡುತ್ತಿತ್ತು. ಎರಡನೆಯದರಲ್ಲಿ ಆ ತಾಪತ್ರಯವಿಲ್ಲ. ಎದ್ದ, ಮೈ ತೊಳೆದ, ಬಟ್ಟೆ ಬದಲಿಸಿದ, ಪ್ರಾರ್ಥನೆ ಮಾಡಿದ, ಮನೆಗೆ ಬಂದು ಊಟ ಕೇಳಿದ, ಉಂಡ. ಗೊಲ್ಲಾಳಪ್ಪ 'ಉಂಡ' ಎಂಬಲ್ಲಿಗೆ ಬಂದು ಪುಸ್ತಕ ಮುಚ್ಚಿದ. ಮತ್ತೆ ತೆರೆದು ಅಲ್ಲಿಯವರೆಗೆ ಓದಿದ, ಮತ್ತೆ ಮುಚ್ಚಿದ. ತನ್ನಂಥವನೊಬ್ಬ ದೇವರ ಪುಸ್ತಕದಲ್ಲೇ ಇದ್ದಾನೆ! ನಾಲ್ಕು ತಿಂಗಳಲ್ಲಿ ಮೊದಲ ಬಾರಿ ಅವನ ಉಸಿರು ಹಗುರಾಯಿತು.

"ಇದೇ ಇರ್ಲಿ," ಎಂದ ಎಂಟು ದಿನಕ್ಕೆ ಮರಳಿ ಬಂದ ಪಾದ್ರಿಗಳಿಗೆ.

"ಭಾಳ ಒಣ ಅದಲ್ರಿ?"

"ಒಣಾನೇ ಇರ್ಲಿ."

ಆ ಭಾನುವಾರ ಅವನು ಓದಿದ್ದು ಅದೇ ಭಾಗ. ಕನ್ನಡದಲ್ಲಿ ಹೇಳುವಾಗ ಒಂದು ಚಿಟಿಕೆ ಉಪ್ಪನ್ನೂ ಸೇರಿಸಲಿಲ್ಲ. ಎದ್ದ, ತೊಳೆದ, ಉಂಡ. ಅಷ್ಟೇ ಹೇಳಿ ಕೂತ. "ಮುಗೀತೇನು?" ಎಂದು ಮುಂದಿದ್ದ ಮುದುಕಿ ಹಣಮಮ್ಮ ಪಕ್ಕದವಳನ್ನು ಕೇಳಿದಳು. ಯಾರ ಕಣ್ಣೂ ಒದ್ದೆಯಾಗಲಿಲ್ಲ. ಗೊಲ್ಲಾಳಪ್ಪ ಅದನ್ನು ಹೇಳಿದ್ದು ಚಾಪೆಯ ತುದಿಯಲ್ಲಿ ಕೂತ ಒಬ್ಬಳಿಗೆ ಮಾತ್ರ. ಆಕೆ ತಲೆ ತಗ್ಗಿಸಿಕೊಂಡಿದ್ದಳು.

ಮನೆಗೆ ಬಂದು ಅವನು ಪುಸ್ತಕವನ್ನು ಗೋಡೆಯ ಗೂಡಿನಲ್ಲಿಡುತ್ತಿದ್ದಾಗ ಸುಂದರಬಾಯಿ ಬಾಗಿಲಲ್ಲಿ ಬಂದು ನಿಂತಳು.

"ರಾಜ ಉಂಡಿದ್ದಷ್ಟೇ ಹೇಳಿದ್ರಿ. ಮುಂದೇನ ಬರ್ದದ?"

ಆಕೆಯ ದನಿ ಕೇಳಿ ಅವನು ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡ. ಪುಸ್ತಕ ಬಿಚ್ಚಿದ. ಮುಂದೆ ಏನಿದೆಯೆಂದು ಅವನು ಒಮ್ಮೆಯೂ ನೋಡಿರಲಿಲ್ಲ. ಸ್ವಲ್ಪ ಕೆಳಗೇ ಇತ್ತು.

"ಹೆಣ್ತಿಗಿ ಸಮಾಧಾನ ಮಾಡ್ದ, ಅಂತದ."

"ಹ್ಯಾಂಗ ಮಾಡ್ದ?"

ಬೆರಳಿಟ್ಟು ಹುಡುಕಿದ. "ಹ್ಯಾಂಗಂತ ಬರ್ದಿಲ್ಲ."

ಸುಂದರಬಾಯಿ ಒಳಗೆ ಹೋಗಲಿಲ್ಲ. ಸೇರಿಸಿ ಹೇಳಲು ಗೊಲ್ಲಾಳಪ್ಪನಿಗೆ ಒಂದು ಮಾತೂ ಹೊಳೆಯಲಿಲ್ಲ. ಪುಸ್ತಕ ಮುಚ್ಚಿ ಕೇಳಿದ.

"ಮಣ್ಣು ಮಾಡಿ ಬಂದ ದಿವಸ ನೀ ಉಂಡಿದ್ದೇನು?"

"ಇಲ್ಲ," ಎಂದಳು. "ಬೀಗರು ಸಿಟ್ಟಾಗಿ ಎದ್ದು ಹೋದ್ರು. ನನ್ನ ಬಾಯಿಗಿ ಯಾರೂ ತುತ್ತು ಇಡಲಿಲ್ಲ."