ಅಪ್ಪನ ಲಾರಿಯ ಗ್ರಾಫಿಕ್ಸ್ ಕಾರ್ಡು

ಗೇಮ್ ಆಡಲೆಂದು ನಾನು ಕಂಪ್ಯೂಟರ್ ಕೊಂಡು ಎಂಟು ವರ್ಷವಾಯಿತು. ಎರಡು ವರ್ಷದಿಂದ ಅದು ಅಪ್ಪನ ಕೈವಶ. ಚನ್ನರಾಯಪಟ್ಟಣದಿಂದ ತೆಂಗಿನಕಾಯಿ ಹೇರಿಕೊಂಡು ಮೂವತ್ತು ವರ್ಷ ಲಾರಿ ಓಡಿಸಿದವರು ಅಪ್ಪ. ಮಂಡಿನೋವಿಗೆ ಅದನ್ನು ಬಿಟ್ಟ ಮೇಲೆ ಮನೆಯಲ್ಲಿ ಕೂತು ಎಲ್ಲರ ಮೇಲೂ ಹರಿಹಾಯುತ್ತಿದ್ದರು. ಒಂದು ಭಾನುವಾರ ಮೇಜಿಗೆ ಸ್ಟೀರಿಂಗ್ ಬಿಗಿದು, ಲಾರಿ ಓಡಿಸುವ ಗೇಮ್ ಹಾಕಿ ಕೂರಿಸಿದೆ. ಅಷ್ಟೇ, ದಿನಾ ಕಾಫಿ ಕುಡಿದು, ಹೆಗಲಿಗೆ ಟವೆಲ್ ಹಾಕಿಕೊಂಡು 'ಡ್ಯೂಟಿ'ಗೆ ಬರತೊಡಗಿದರು. ತಿರುವಿನಲ್ಲಿ ಎದುರು ಗಾಡಿಯವನನ್ನು ಬೈಯುವುದೂ ಮೊದಲಿನ ಹಾಗೆಯೇ. ಮನೆ ತಣ್ಣಗಾಯಿತು.

ಆಯುಧಪೂಜೆ ಕಳೆದು ತಿಂಗಳಾಗುವಷ್ಟರಲ್ಲಿ ಗೇಮ್ ತಡವರಿಸತೊಡಗಿತು. ಸ್ಟೀರಿಂಗ್ ತಿರುಗಿಸಿದರೆ ಚಿತ್ರ ಒಂದು ಗಳಿಗೆ ನಿಂತು ಆಮೇಲೆ ಜಿಗಿಯುತ್ತಿತ್ತು. ಅಪ್ಪ ಎರಡು ಸಲ ಲಾರಿಯನ್ನು ಉರುಳಿಸಿದರು. ಮೂರನೆಯ ದಿನ ಡ್ಯೂಟಿಗೆ ಬರಲಿಲ್ಲ. ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಮುದಿಯಾಗಿದೆ, ಬದಲಾಯಿಸಬೇಕು ಎಂದುಕೊಂಡೆ. ಆದರೆ ಅಪ್ಪನಿಗೇ ಬೇಜಾರು ಬಂದಿದ್ದರೆ ಹೊಸದು ಯಾರಿಗೆ ಬೇಕು? ನನಗಂತೂ ಆಡಲು ಪುರುಸೊತ್ತಿಲ್ಲ. ಹಾಕಿಸಲೋ ಬೇಡವೋ ಎಂದು ವಾರವಿಡೀ ತಲೆ ಕೆಡಿಸಿಕೊಂಡು, ಕೊನೆಗೆ ಅವರನ್ನೇ ಕೇಳಿದೆ, ಸ್ವಲ್ಪ ರೇಗಿಯೇ.

ಅಪ್ಪ ಕಿಟಕಿಯಾಚೆ ನೋಡುತ್ತಾ ಹೇಳಿದರು: "ಗಾಡಿ ಸರ್ಯಾಗೈತೆ ಕಣ್ಲಾ. ನನ್ ಕೈಯೇ ನಿಧಾನ ಆಗೋಗೈತೆ. ಕಣ್ಣಿಗೆ ಕಂಡಿದ್ದು ಕೈಗೆ ಬರೋದ್ರೊಳ್ಗೆ ತಿರುವೇ ಮುಗ್ದೋಗಿರ್ತದೆ."

ನನಗೆ ಕಪಾಳಕ್ಕೆ ಬಾರಿಸಿದಂತಾಯಿತು. ವಾರದಿಂದ ಈ ಮನುಷ್ಯ ತನ್ನ ಕೈ ಹೋಯಿತೆಂದು ಒಳಗೊಳಗೇ ಕೊರಗಿದ್ದಾರೆ, ನಾನು ಆಟ ಬೇಜಾರಾಗಿದೆ ಅಂದುಕೊಂಡು ಕೂತಿದ್ದೇನೆ! ಕೆಟ್ಟಿರುವುದು ಕಾರ್ಡು, ನಿಮ್ಮ ಕೈಯಲ್ಲ ಎಂದೆ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡು ಅಪ್ಪ ನಂಬಲಿಲ್ಲ. ಹೊಸದನ್ನೇ ಹಾಕಿಸುವುದೆಂದು ಗಟ್ಟಿಮಾಡಿ, ಮರುದಿನ ಕಂಪ್ಯೂಟರನ್ನೂ ಅಪ್ಪನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹಾಸನದ ಕಂಪ್ಯೂಟರ್ ಅಂಗಡಿಗೆ ಹೋದೆ.

ಅಂಗಡಿಯವರು ಡಬ್ಬಿ ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟು, ನಮ್ಮಿಬ್ಬರ ಮುಖ ನೋಡಿದರು. ಕಾರ್ಡಿನ ಫ್ಯಾನಿನ ತುಂಬ ಕುಂಕುಮ, ವಿಭೂತಿ, ಅದಕ್ಕೆ ಮೆತ್ತಿಕೊಂಡ ಚೆಂಡುಹೂವಿನ ಎಸಳು.

"ಇದಕ್ಕೆ ಹೊಸದು ಬ್ಯಾಡ ಸಾ. ಗಾಳಿ ಇಲ್ದೆ ಕಾದೋಗ್ತಿತ್ತು ಅಷ್ಟೆ. ಪೂಜೆ ಯಾರ್ ಮಾಡಿದ್ದು?"

ಅಪ್ಪ ನೆಲ ನೋಡಿದರು. ಲಾರಿಯ ಮುಖದ ಮೇಲೆ ಧಾರಾಳವಾಗಿ ಬಳಿದು ಅಭ್ಯಾಸವಾದ ಕೈ ಅದು. ಈ ಸಲದ ಆಯುಧಪೂಜೆಯಲ್ಲಿ ಕಂಪ್ಯೂಟರಿನ ಗಾಳಿ ಎಳೆಯುವ ಜಾಲರಿಯನ್ನೇ ಮುಖವೆಂದು ತಿಳಿದು ದಂಡಿಯಾಗಿ ಬಳಿದಿದ್ದರು. ಪಕ್ಕದಲ್ಲಿ ಕೈಮುಗಿದು ನಿಂತಿದ್ದವನು ನಾನೇ. ಬೇರೆ ದಿನವಾಗಿದ್ದರೆ ಕೂಗಾಡುತ್ತಿದ್ದೆ, ಅಂದು ನಗು ಬಂತು. ಅಂಗಡಿಯವರು ಬ್ಲೋಅರ್ ಹಿಡಿದರು, ಮೇಜೆಲ್ಲ ಕೆಂಪಾಯಿತು. ಹೊಸ ಕಾರ್ಡಿನ ಮಾತನ್ನು ಅಲ್ಲಿಗೇ ಬಿಟ್ಟೆ.

ಮನೆಗೆ ಬಂದು ಎಲ್ಲ ಜೋಡಿಸಿ ಕರೆದೆ. ಅಪ್ಪ ಹೆಗಲಿಗೆ ಟವೆಲ್ ಹಾಕಿಕೊಳ್ಳದೆಯೇ, ಅಳುಕುತ್ತಾ ಬಂದು ಕೂತರು. ಮೊದಲ ತಿರುವು ಬಂತು. ಲಾರಿ ಎಲ್ಲೂ ನಿಲ್ಲದೆ ನೀಟಾಗಿ ತಿರುಗಿತು. ಸ್ಟೀರಿಂಗ್ ಮೇಲಿದ್ದ ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡರು.

ಎರಡನೆಯ ತಿರುವಿನಲ್ಲಿ, ಎದುರು ಗಾಡಿಯವನಿಗೆ ಬಾಯಿ ತುಂಬ ಬೈದರು.