ಕಂಬಳಿಯ ಮೂರು ತೂತು, ಸ್ಟಾರ್ಟ್ ಆಗದ ಕಾರು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಕ್ಕೆ ಕೈ ಓಡುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ಆಮೇಲೆ ಕುರಿಯ ಹಿಂದೆ ಹೋದವನು. ಆದರೂ ಅವಳನ್ನು ಮನೆಗೆ ಕರೆತಂದ ದಿನದ ಸಂಗತಿಯನ್ನು ಬರೆದಿಡಬೇಕು ಅನ್ನಿಸಿದೆ, ಯಾಕೆಂದರೆ ಬಾಯಲ್ಲಿ ಹೇಳಿ ಹೇಳಿ ಈಗ ಹರಿಯಬ್ಬೆಯಲ್ಲಿ ಕೇಳುವವರೇ ಉಳಿದಿಲ್ಲ. ನಾನು ಎದುರಿಗೆ ಬಂದರೆ ಜನ ಪಕ್ಕದ ಓಣಿಗೆ ತಿರುಗಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿ ಒಂದು ಹಳೇ ಕಾರಿದೆ. ದುಂಡು ಬೆನ್ನಿನದು, ಹಾಲಿನ ಕೆನೆಯ ಬಣ್ಣದ್ದು. ಚಿತ್ರದುರ್ಗದ ಒಬ್ಬ ವಕೀಲರು ಓಡಿಸಿ ಸಾಕಾಗಿ ಮಾರಲು ಇಟ್ಟಿದ್ದಾಗ, ಆ ವರ್ಷದ ಟಗರುಗಳನ್ನೆಲ್ಲ ಮಾರಿ ತಂದಿದ್ದೆ. ಕುರಿ ಕಾಯುವವನಿಗೆ ಕಾರು ಯಾಕೆ ಎಂದು ಊರು ನಕ್ಕಿತು. ಅದೇ ತಿಂಗಳು ನನ್ನ ಮಗ ಹುಟ್ಟಿದ. ಅವನು ಅಜ್ಜಿಯ ಮನೆಯಿಂದ ನಮ್ಮ ಮನೆಗೆ ಬಂದಿದ್ದು ಇದೇ ಕಾರಿನ ಹಿಂದಿನ ಸೀಟಿನಲ್ಲಿ, ಕಂಬಳಿಯ ಮೇಲೆ ಮಲಗಿಕೊಂಡು. ಅವನ ಮಗಳೂ ಹಾಗೆಯೇ ಬರಬೇಕು ಎನ್ನುವುದು ನನ್ನ ಹಟ. ಸೊಸೆ ಬಾಣಂತನಕ್ಕೆ ಹೊಸದುರ್ಗದ ತವರಿಗೆ ಹೋದ ದಿನದಿಂದ ಮನೆಯಲ್ಲಿ ನನ್ನ ಬಾಯಲ್ಲಿ ಅದೊಂದೇ ಮಾತು.

ಐದು ತಿಂಗಳು ಕಾಯುವುದೆಂದರೆ ಸುಮ್ಮನೆ ಅಲ್ಲ. ಕಾಯುತ್ತಾ ಕಾಯುತ್ತಾ ಕಾರನ್ನು ಉಜ್ಜಿದೆ, ತೊಳೆದೆ, ಸೀಟು ಹೊಲಿಸಿದೆ. ಓಡಿಸಿ ನೋಡಿದರೆ ಬಾನೆಟ್ಟಿನ ಒಳಗೆ ಎಲ್ಲೋ ಕಟಕಟ ಎನ್ನುತ್ತಿತ್ತು. ಮಗು ಮಲಗಿರುವಾಗ ಕಟಕಟ ಅಂದರೆ ಆದೀತೇ? ಬಗ್ಗಿ ಹುಡುಕಿದೆ. ಇಂಜಿನ್ನಿನಿಂದ ಕಾರಿನ ಬಾಡಿಯ ತಗಡಿಗೆ ಜಡೆಯ ಹಾಗೆ ಹೆಣೆದ ಒಂದು ತಾಮ್ರದ ಪಟ್ಟಿ ಹೋಗುತ್ತದೆ. ಅದರ ಬೋಲ್ಟು ಸಡಿಲಾಗಿ ಉಜ್ಜುತ್ತಿತ್ತು. ನಮ್ಮ ಕುರಿಗಾರರ ಮನೆಗಳಲ್ಲಿ ಒಂದು ಪದ್ಧತಿ: ಏನು ಏನನ್ನು ಉಜ್ಜಿದರೂ ನಡುವೆ ಒಂದು ಕಂಬಳಿ ಚೂರು. ಹೇರು ಕತ್ತೆಯ ಬೆನ್ನಿಗೆ, ಎತ್ತಿನ ಹೆಗಲಿಗೆ, ಕೊನೆಗೆ ಕಿರ್ ಎನ್ನುವ ಬಾಗಿಲಿಗೂ. ನಾನೂ ಹಾಗೆಯೇ ಮಾಡಿದೆ. ಏನು ಮಾಡಿದೆ ಎನ್ನುವುದು ಆಮೇಲೆ ಗೊತ್ತಾಗುತ್ತದೆ. ಅಂತೂ ಕಟಕಟ ನಿಂತಿತು.

ಮಾರನೇ ದಿನ ನನ್ನ ಹೆಂಡತಿ ಮಗುವಿಗೆಂದು ನೇಯಿಸಿದ್ದ ಹೊಸ ಕಂಬಳಿಯನ್ನು ಪೆಟ್ಟಿಗೆಯಿಂದ ತೆಗೆದು ಕೂಗಿಕೊಂಡಳು.

"ಏನ್ರೀ, ಬರ್ರಿ ಇಲ್ಲಿ! ಮೂಲೇಲಿ ಮೂರು ತೂತು, ಮೂರೂ ದುಂಡಗೆ! ಯಾವ ಇಲೀರೀ ಇಷ್ಟು ನೀಟಾಗಿ ಕಡಿಯೋದು?"

"ಇಲಿಗೂ ಈಗ ಬುದ್ಧಿ ಬಂದೈತೆ ಕಣೇ," ಅಂದೆ.

ಅವಳು ಅಟ್ಟದ ಮೇಲೆ ಇಲಿಬೋನು ಇಟ್ಟಳು. ಏಣಿ ಹಿಡಿದುಕೊಂಡವನು ನಾನೇ.

ಇನ್ನೊಂದು ಮಾತು ಹೇಳಬೇಕು. ನನ್ನ ಕಾರಿನ ಸೆಲ್ಫ್, ಅಂದರೆ ಕೀಲಿ ತಿರುಗಿಸಿದರೆ ಇಂಜಿನ್ನನ್ನು ಎಬ್ಬಿಸುವ ಮೋಟಾರು, ಚೆನ್ನಾಗಿಯೇ ಇತ್ತು. ಆದರೂ ಬ್ಯಾಟರಿ ಸವೆಯಬಾರದೆಂದು ನಾನು ಕಾರನ್ನು ಯಾವಾಗಲೂ ದಿಬ್ಬದ ಮೇಲೆಯೇ ನಿಲ್ಲಿಸುವುದು. ಬ್ರೇಕು ಬಿಟ್ಟರೆ ಉರುಳುತ್ತದೆ, ಗೇರು ಹಾಕಿದರೆ ಇಂಜಿನ್ನು ತಾನೇ ಎದ್ದುಕೊಳ್ಳುತ್ತದೆ. ಹೊಳಲ್ಕೆರೆ ಸಂತೆಗೆ ಹೋದಾಗ ಒಂದು ಸಲ ದಿಬ್ಬ ಸಿಗದೆ, ಟಗರು ಕೊಳ್ಳಲು ಬಂದವರ ಕೈಯಲ್ಲೇ ತಳ್ಳಿಸಿದ್ದೆ. ಹಾಗಾಗಿ ಮಗುವನ್ನು ಕರೆತರಲು ಗೊತ್ತು ಮಾಡಿದ್ದ ಬುಧವಾರ ಬೆಳಿಗ್ಗೆಯೂ ಮನೆ ಮುಂದಿನ ದಿಬ್ಬದಿಂದ ಉರುಳಿಸಿಕೊಂಡೇ ಹೊರಟೆವು, ನಾನು ಮತ್ತು ನನ್ನ ಹೆಂಡತಿ. ಕುರಿ ಈಯುವ ಕಾಲವಾದ್ದರಿಂದ ಮಗ ಮಂದೆ ಬಿಟ್ಟು ಬರುವಂತಿರಲಿಲ್ಲ. ಹಿರಿಯೂರು ದಾಟಿ, ಕಣಿವೆ ದಾಟಿ, ಕಾರು ಹಾಡಿಕೊಂಡು ಹೋಯಿತು.

ಹೊಸದುರ್ಗದಲ್ಲಿ ನಮ್ಮ ಬೀಗಿತ್ತಿ, ಅಂದರೆ ಸೊಸೆಯ ತಾಯಿ, ಹಿಟ್ಟಿನ ಗಿರಣಿ ನಡೆಸುತ್ತಾರೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಗಿರಣಿಯನ್ನೂ ಮಗಳನ್ನೂ ಸಾಕಿದ ಹೆಂಗಸು. ಮಾತು ಗಿರಣಿಯ ಕಲ್ಲಿನಷ್ಟೇ ಗಟ್ಟಿ. ಅವರ ಓಣಿ ತಟ್ಟೆಯ ಹಾಗೆ ಮಟ್ಟಸ, ದಿಬ್ಬ ಅನ್ನುವುದೇ ಇಲ್ಲ. ಊಟ ಆಯಿತು, ಮಗುವಿಗೆ ಕಾಡಿಗೆ ಹಚ್ಚಿದರು, ಸೊಸೆ ಮಗುವನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದಳು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ. ನಾನು ಮೀಸೆ ತಿರುವಿ ಕೂತು ಕೀಲಿ ತಿರುಗಿಸಿದೆ.

ಟಕ್.

ಮತ್ತೆ ತಿರುಗಿಸಿದೆ. ಟಕ್. ಅಷ್ಟೇ.

"ಬೀಗ್ರೇ, ಕಾರಿಗೆ ನೆಗಡಿ ಆಗೈತಾ? ಶುಂಠಿ ಕಷಾಯ ಕಾಸ್ಲಾ?" ಬೀಗಿತ್ತಿ ಹೊಸ್ತಿಲಿಂದಲೇ ಕೇಳಿದರು. ಓಣಿಯೆಲ್ಲ ನಕ್ಕಿತು.

"ನಾಕು ಜನ ತಳ್ಳಿದ್ರೆ ಒಂದು ಗಳಿಗೇಲಿ ಸ್ಟಾರ್ಟ್ ಆಗ್ತೈತಮ್ಮ," ಅಂದೆ.

"ತಳ್ಳೋದು ಆಗಕಿಲ್ಲ. ನನ್ನ ಮೊಮ್ಮಗಳು ಮೊದಲ್ನೇ ಸಲ ಅಪ್ಪನ ಮನೆಗೆ ಹೋಗ್ತಾವಳೆ. ಜನ ಸೇರಿ ತಳ್ಳಿ ಆಚೆ ಹಾಕ್ದಂಗೆ ನಮ್ಮ ಬಾಗ್ಲಿಂದ ಹೋಗ್ಬಾರ್ದು. ತಾನಾಗೇ ಸ್ಟಾರ್ಟ್ ಆದ್ರೆ ಸರಿ, ಇಲ್ಲಾಂದ್ರೆ ಬಾಡಿಗೆ ಕಾರು ಕರೆಸ್ತೀನಿ. ಹನ್ನೆರಡಕ್ಕೆ ರಾಹುಕಾಲ, ನೆನಪಿರ್ಲಿ."

ಆಗಲೇ ಹನ್ನೊಂದು ಕಾಲು. ಬಾಡಿಗೆ ಕಾರಿನಲ್ಲಿ ನನ್ನ ಮೊಮ್ಮಗಳು! ನನ್ನ ಕಾರು ಹಿಂದೆ ಖಾಲಿ ಬರುವುದು! ಬಾನೆಟ್ ಎತ್ತಿದೆ. ಬ್ಯಾಟರಿಯ ತಲೆಗಳ ಮೇಲೆ ಬೂದಿಯಂತೆ ಹಿಡಿದಿದ್ದ ಕಿಲುಬಿಗೆ ಬಿಸಿನೀರು ಹಾಕಿ, ಚಾಕುವಿನಿಂದ ಹೊಳೆಯುವ ಹಾಗೆ ಕೆರೆದು ಬಿಗಿ ಮಾಡಿದೆ. ಟಕ್. ಸೆಲ್ಫ್ ಮೋಟಾರಿಗೆ ಸುತ್ತಿಗೆಯ ಹಿಡಿಯಿಂದ ನಾಲ್ಕು ಕೊಟ್ಟೆ. ಟಕ್. ಎದುರು ಮನೆಯವರು ಟ್ರ್ಯಾಕ್ಟರ್ ತಂದು ಪಕ್ಕ ನಿಲ್ಲಿಸಿ, ದಪ್ಪ ವೈರುಗಳಿಂದ ಅದರ ಬ್ಯಾಟರಿಯನ್ನು ನಮ್ಮ ಬ್ಯಾಟರಿಗೆ ಜೋಡಿಸಿದರು. ಆಗಲೂ ಟಕ್.

"ಸೆಲ್ಫೇ ಹೋಗೈತೆ ಯಜಮಾನ್ರೇ, ಬಿಚ್ಚಬೇಕು," ಅಂದರು ಟ್ರ್ಯಾಕ್ಟರಿನವರು.

ಬಿಚ್ಚಿದರೆ ಸಂಜೆಯಾಗುತ್ತದೆ. ಬೀಗಿತ್ತಿ ಫೋನು ಕೈಗೆ ತೆಗೆದುಕೊಂಡರು. ಇಂಜಿನ್ನು ತಣ್ಣಗಾಗಿರಬಹುದು, ಕೊನೆಗೊಂದು ಸಲ ಚೋಕ್ ಎಳೆದು ನೋಡೋಣ ಎಂದು ನಾನು ಅದರ ಗುಂಡಿಗೆ ಕೈ ಹಾಕಿದವನೇ "ಅಯ್ಯಯ್ಯಪ್ಪೋ!" ಎಂದು ಕೂಗಿದೆ. ರೊಟ್ಟಿ ಹಂಚು ಮುಟ್ಟಿದ ಹಾಗೆ ಬೆರಳು ಚುರ್ ಎಂದಿತು.

ಬೀಗಿತ್ತಿ ಫೋನು ಸೆರಗಿಗೆ ಸಿಕ್ಕಿಸಿ ಸರಸರ ಬಂದರು. "ಏನು ಸುಟ್ತು?"

"ಚೋಕಿನ ತಂತಿ ಕಾದು ಕೆಂಡ ಆಗೈತೆ ಬೀಗಿತ್ತಮ್ಮ."

"ಚೋಕಿಗೂ ಕರೆಂಟಿಗೂ ಏನು ಸಂಬಂಧ? ಅದು ಬರೀ ಎಳೆಯೋ ತಂತಿ ತಾನೇ?" ಕಾರಿನೊಳಗೆ ತಲೆ ಹಾಕಿ ಆ ತಂತಿಯನ್ನು ನೋಡಿದರು. "ಲೈಟ್ ಹಾಕ್ರಿ. ಹಾಕಿ ಕೀಲಿ ತಿರುಗಿಸ್ರಿ."

ಹಾಕಿದೆ, ತಿರುಗಿಸಿದೆ. ಟಕ್. ಎದುರು ಗೋಡೆಯ ಮೇಲೆ ಬೆಳಕು ಇದ್ದ ಹಾಗೆಯೇ ಇತ್ತು.

"ನೋಡಿದ್ರಾ? ಬ್ಯಾಟ್ರಿ ಸತ್ತಿದ್ರೆ ಲೈಟು ಮಂಕಾಗ್ಬೇಕಿತ್ತು. ಸೆಲ್ಫು ಕಚ್ಕಂಡಿದ್ರೂ ಮಂಕಾಗ್ಬೇಕಿತ್ತು. ಎರಡೂ ಅಲ್ಲ. ಕರೆಂಟು ಇಂಜಿನ್ನಿಗೆ ಹೋಗ್ತೈತೆ, ಆದ್ರೆ ವಾಪಸ್ ಬರಾಕೆ ಸರಿಯಾದ ದಾರಿ ಇಲ್ಲ. ಪಾಪ, ಸಿಕ್ಕಿದ ಸಣ್ಣ ತಂತೀಲಿ ನುಗ್ತೈತೆ, ಅದಕ್ಕೇ ಅದು ಕಾದೈತೆ. ಇಪ್ಪತ್ತು ವರ್ಷ ಗಿರಣಿ ಮೋಟ್ರು ಜೊತೆ ಸಂಸಾರ ಮಾಡೀನಿ ಬೀಗ್ರೇ, ಇದು ಅರ್ತಿಂಗ್ ತೊಂದ್ರೆ."

ಟ್ರ್ಯಾಕ್ಟರಿನ ದಪ್ಪ ವೈರನ್ನು ಬಿಚ್ಚಿಸಿದರು. ಒಂದು ತುದಿ ಬ್ಯಾಟರಿಯಿಂದ ಬಾಡಿಯ ತಗಡಿಗೆ ಹೋಗುವ ಕಡೆಯ ತಲೆಗೆ, ಇನ್ನೊಂದು ತುದಿ ನೇರವಾಗಿ ಇಂಜಿನ್ನಿನ ಕಬ್ಬಿಣಕ್ಕೆ. "ಈಗ ತಿರುಗಿಸ್ರಿ."

ಘುರ್ರ್! ಕಾರು ಒಂದೇ ಸಲಕ್ಕೆ ಎದ್ದಿತು. ಓಣಿಯವರು ಚಪ್ಪಾಳೆ ಹೊಡೆದರು. ಮಗುವೂ ಬೆಚ್ಚಿ, ಅಳಬೇಕೋ ನಗಬೇಕೋ ತಿಳಿಯದೆ, ನನ್ನ ಕಡೆ ನೋಡಿ ನಕ್ಕಿತು. ದೇವರಾಣೆ ನನ್ನ ಕಡೆಗೇ.

"ಆರಿಸ್ರಿ, ಇನ್ನೂ ಮುಗಿದಿಲ್ಲ," ಎಂದರು ಬೀಗಿತ್ತಿ. "ಇಂಜಿನ್ನಿಂದ ಬಾಡಿ ತಗಡಿಗೆ ಒಂದು ಪಟ್ಟಿ ಇರ್ಬೇಕಲ್ಲ, ಅದೇನಾಗೈತೆ ನೋಡಾಣ."

ಪಟ್ಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಎಲ್ಲ ಗೊತ್ತಾಗಿಹೋಯಿತು. "ನಾನೇ ನೋಡ್ತೀನಿ, ನೀವು ಬಿಡ್ರಿ," ಎಂದು ಅಡ್ಡ ಬಂದೆ. ಅವರು ನನ್ನನ್ನು ಮೊಣಕೈಯಿಂದ ಸರಿಸಿ ಬಗ್ಗಿದರು. ಸ್ಪ್ಯಾನರಿನಿಂದ ಬೋಲ್ಟು ಬಿಚ್ಚಿ, ಪಟ್ಟಿಯ ಕೆಳಗಿಂದ ಒಂದು, ಮೇಲಿಂದ ಒಂದು, ಬೋಲ್ಟಿನ ಮೈಗೆ ಸುತ್ತಿದ್ದು ಒಂದು, ಹೀಗೆ ಮೂರು ಕರೀ ಚೂರು ಎಳೆದು ಅಂಗೈ ಮೇಲೆ ಇಟ್ಟುಕೊಂಡರು.

"ಇದೇನ್ ಬೀಗ್ರೇ? ಕಂಬಳಿ! ಕರೆಂಟಿಗೂ ಚಳಿ ಆಗ್ತೈತೆ ಅಂತ ಹೊದಿಸಿದ್ರಾ?"

ನಾನು ಉತ್ತರ ಕೊಡುವ ಮೊದಲೇ ನನ್ನ ಹೆಂಡತಿ ಬಂದಳು. ಮೂರು ಚೂರನ್ನೂ ತಿರುವಿ ಮುರುವಿ ನೋಡಿದಳು. ಹಿಂದಿನ ಸೀಟಿನಲ್ಲಿ ಹಾಸಿದ್ದ ಹೊಸ ಕಂಬಳಿಯ ಮೂಲೆ ಎಳೆದು ತೂತಿನ ಮೇಲೆ ಒಂದೊಂದಾಗಿ ಇಟ್ಟಳು. ಸರಿಯಾಗಿ ಕೂತವು.

"ಇಲಿ ಸಿಕ್ತು ನೋಡ್ರಿ ಬೀಗಿತ್ತಮ್ಮ," ಅಂದಳು. "ಸುಮ್ನೆ ಅಟ್ಟದ ಮೇಲೆ ಬೋನಿಟ್ಟೆ. ಇಲಿ ಇಲ್ಲಿ ಮೀಸೆ ಬಿಟ್ಕಂಡು ನಿಂತೈತೆ."

"ಮಾವ, ನೀವಾ?" ಎಂದು ಸೊಸೆ ನಕ್ಕ ನಗೆಗೆ ಮಗು ಅವಳ ತೋಳಲ್ಲೇ ಕುಣಿಯಿತು. ನನಗೂ ನಗು ತಡೆಯಲಿಲ್ಲ.

"ಮಗೀಗೆ ಕಟಕಟ ಕೇಳಬಾರ್ದು ಅಂತ ಹಾಕ್ದೆ ಕಣ್ರಮ್ಮ," ಅಂದೆ.

ಅದುವರೆಗೂ ಚುಚ್ಚುತ್ತಿದ್ದ ಬೀಗಿತ್ತಿ ಈ ಮಾತು ಕೇಳಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದರು. ಉಪ್ಪುಕಾಗದ ತರಿಸಿ, ಪಟ್ಟಿ ಕೂರುವ ಜಾಗವನ್ನು ತಾವೇ ಬಿಳಿ ಕಬ್ಬಿಣ ಕಾಣುವವರೆಗೆ ತಿಕ್ಕಿದರು. ಪಟ್ಟಿಯನ್ನು ಕಬ್ಬಿಣಕ್ಕೆ ನೇರ ಒತ್ತಿಟ್ಟು, ಒಂದು ವಾಷರು ಹಾಕಿ ಬೋಲ್ಟು ಬಿಗಿದರು. "ಹಿಂಗೆ ಬಿಗಿ ಮಾಡಿದ್ರೆ ಕಟಕಟಾನೂ ಇಲ್ಲ, ಕಂಬಳೀನೂ ಬ್ಯಾಡ," ಎಂದರು, ಮೆತ್ತಗೆ.

ಟ್ರ್ಯಾಕ್ಟರಿನ ವೈರು ತೆಗೆದೆವು. ಕೀಲಿ ತಿರುಗಿಸಿದೆ. ತಾನಾಗೇ ಘುರ್ರ್. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಸೊಸೆ ಹಿಂದೆ ಕೂತಳು, ಪಕ್ಕದಲ್ಲಿ ನನ್ನ ಹೆಂಡತಿ, ಕಂಬಳಿಯ ಮೇಲೆ ನನ್ನ ಮಹಾರಾಣಿ. ಹೊರಡಬೇಕು ಎನ್ನುವಾಗ ಮುಂದಿನ ಬಾಗಿಲು ತೆಗೆದು ಬೀಗಿತ್ತಿಯೂ ಕೂತರು, ಮಡಿಲಲ್ಲಿ ಸ್ಪ್ಯಾನರು.

"ನಾನೂ ಬರ್ತೀನಿ. ಇನ್ನೂ ಎಲ್ಲೆಲ್ಲಿ ಕಂಬಳಿ ತುರುಕೀರೋ, ಯಾವನಿಗ್ಗೊತ್ತು. ಹೋಗಾಣ ನಡೀರಿ."

ಗಿರಣಿಗೆ ಬೀಗ ಹಾಕಿ ಬಂದವರು ನಮ್ಮಲ್ಲಿ ಎಂಟು ದಿನ ಇದ್ದರು. ಅವತ್ತು ಮಧ್ಯಾಹ್ನ ಊರು ತಲುಪಿದಾಗ ನಾನು ಅಭ್ಯಾಸಬಲದಿಂದ ದಿಬ್ಬದ ಕಡೆ ತಿರುಗಿಸಿದರೆ ಅವರು ಬರೀ ನನ್ನ ಮುಖ ನೋಡಿದರು. ಕಾರನ್ನು ಮಟ್ಟಸ ಜಾಗದಲ್ಲೇ ನಿಲ್ಲಿಸಿದೆ. ಈಗಲೂ ಅಲ್ಲಿಯೇ ನಿಲ್ಲಿಸುತ್ತೇನೆ.

ಕಂಬಳಿಯ ತೂತು ಹೊಲಿಯುತ್ತೇನೆಂದು ನನ್ನ ಹೆಂಡತಿ ಎರಡು ಸಲ ಸೂಜಿ ತಂದಳು. ನಾನು ಬಿಡಲಿಲ್ಲ. ಬೋರಲು ಬಿದ್ದ ಮೊಮ್ಮಗಳು ಆ ತೂತಿನಲ್ಲಿ ಬೆರಳು ತೂರಿಸುತ್ತಾಳೆ, ನಾನು ಕೆಳಗಿನಿಂದ ಹಿಡಿಯುತ್ತೇನೆ, ಅವಳು ಕೇಕೆ ಹಾಕುತ್ತಾಳೆ. ಮೂರು ತೂತಿದೆಯಲ್ಲ, ಯಾವುದರಲ್ಲಿ ಬರುತ್ತದೋ ಆ ಬೆರಳು, ಇನ್ನೂ ನನಗೆ ಗೊತ್ತಾಗಿಲ್ಲ.